ನೀರಿತ್ತು

ಎಂಟು ಹೆಜ್ಜೆ. ದ್ಯಾಮವ್ವ ಆಮೇಲೊಂದು ದಿನ ಒಬ್ಬಳೇ ಹೋಗಿ ಅಳೆದು ಬಂದಳು. ಫಕ್ಕೀರವ್ವ ಬಿದ್ದ ಜಾಗದಿಂದ ಬೇವಿನ ಗಿಡದ ಬುಡದಲ್ಲಿದ್ದ ನೀರಿನ ಕ್ಯಾನಿಗೆ ಎಂಟೇ ಹೆಜ್ಜೆ. ಅದೂ ದ್ಯಾಮವ್ವನಂಥ ಗಿಡ್ಡಾಕೆಯ ಹೆಜ್ಜೆ. ಆ ದಿನ ಆಕೆ ಆ ಎಂಟು ಹೆಜ್ಜೆ ಇಡಲಿಲ್ಲ. ಅರ್ಧ ಮೈಲು ದೂರದ ಕಾಲುವೆ ರಸ್ತೆಗೆ ಓಡಿದಳು. ಕ್ಯಾನಿನ ನಲ್ಲಿ ತಿರುವುವ ಗಂಡಸನ್ನು ಕರೆತರೋದಕ್ಕೆ ಓಡಿದಳು.

ಕೇಳಿದವರು ಹುಚ್ಚಿ ಅಂತಾರೆ. ಅನ್ನಲಿ. ಒಂಬತ್ತು ಮಂದಿ ಹೆಣ್ಣುಮಕ್ಕಳು ಅಲ್ಲಿ ನಿಂತಿದ್ದರು. ಒಬ್ಬಾಕೆಯಾದರೂ “ಎಲ್ಲಿಗೆ ಓಡ್ತಿ ಬೇ, ನೀರು ಇಲ್ಲೇ ಐತಲ್ಲ” ಅನ್ನಲಿಲ್ಲ. ಅವರಿಗೂ ಅದೇ ಸರಿ ಕಂಡಿತ್ತು. ಹುಚ್ಚು ಹಿಡಿದದ್ದು ಒಬ್ಬರಿಗಲ್ಲ, ತಿಳೀತೇನು?

ಏಪ್ರಿಲ್ ತಿಂಗಳು. ಯಮನೂರಿನಿಂದ ಎರಡು ಹರದಾರಿ ಈಚೆಗಿನ ಊರು. ಊರಿನ ಹೆಸರು ಯಾಕೆ ಬೇಕು, ಬಾಜು ಊರಲ್ಲೂ ಇದೇ ಕಟ್ಟಳೆ. ಕುಬೇರಪ್ಪ ಸಾವುಕಾರರ ಎರೆ ಹೊಲದಲ್ಲಿ ಹತ್ತಿ ಬಿಡಿಸಿ ಮುಗಿದು, ಒಣಗಿದ ಹತ್ತಿಕಟ್ಟಿಗೆ ಸಾಲುಸಾಲು ನಿಂತಿತ್ತು. ಮಾರನೇ ದಿನ ಬೆಳಗ್ಗೆ ಟ್ರ್ಯಾಕ್ಟರ್ ಬರುವುದಿತ್ತು. ಅಷ್ಟರೊಳಗೆ ನಾಲ್ಕು ಎಕರೆ ಕಟ್ಟಿಗೆ ಕಿತ್ತು ಬದುವಿಗೆ ಒಟ್ಟಬೇಕು. ಹನ್ನೊಂದು ಹೆಣ್ಣಾಳು. ಹತ್ತು ಮಂದಿ ಕೇರಿಯವರು. ಹನ್ನೊಂದನೆಯಾಕೆ ಹಸನಬಿ, ಕೇರಿಯ ಪಕ್ಕದ ಓಣಿಯ ಸಾಬರಾಕೆ.

ಎರೆ ಮಣ್ಣು ಒಣಗಿತೆಂದರೆ ಬೇರು ಬಿಡುವುದಿಲ್ಲ. ಕಬ್ಬಿಣದ ಚಿಮಟಾದಲ್ಲಿ ಗಿಡದ ಬುಡ ಕಚ್ಚಿಸಿ, ಹಿಡಿಕೆಯ ಮೇಲೆ ಮೈಭಾರ ಹಾಕಿ ಒತ್ತಬೇಕು. ಗಿಡ ಕಿತ್ತು ಬರುವಾಗ ಸೊಂಟದೊಳಗೆ ಏನೋ ಕಿತ್ತ ಹಾಗಾಗುತ್ತದೆ. ಆಮೇಲೆ ಮುಂದಿನ ಗಿಡ. ಆಮೇಲೆ ಅದರ ಮುಂದಿನದು. ಅಂಗೈಯ ಬೊಬ್ಬೆ ಒಡೆದು ಹಿಡಿಕೆಗೆ ಅಂಟುತ್ತದೆ. ಬೆವರು ಕಣ್ಣಿಗೆ ಇಳಿದರೆ ಒರೆಸಲು ಕೈ ಇಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಬೆವರೂ ನಿಲ್ಲುತ್ತದೆ. ಬೆವರು ನಿಂತಾಗ ಹೆದರಬೇಕು. ಇದು ಡಾಕ್ಟರು ಆಮೇಲೆ ಹೇಳಿದ ಮಾತು.

ಈ ಹನ್ನೊಂದು ಮಂದಿಗೆ ದ್ಯಾಮವ್ವ ಮುಂದಿನಾಕೆ. ಸಾವುಕಾರರ ಫೋನು ಬರುವುದು ಆಕೆಗೆ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಅನ್ನುವುದು ಆಕೆಯ ಕೈಯಲ್ಲಿ. ಆಳುಗಳನ್ನು ಹೊಲಕ್ಕೆ ಒಯ್ಯುವ ಗುಲಾಮಹುಸೇನನ ಟಂಟಂ ಗಾಡಿಯಲ್ಲಿ ಡ್ರೈವರನ ಬಾಜು ಸೀಟು ಆಕೆಯದು. ಮೊದಲು ಹೀಗಿರಲಿಲ್ಲ ಆಕೆ. ಸಾಲಿನಲ್ಲಿ ಎಲ್ಲರನ್ನೂ ನಗಿಸುವಾಕೆ. ಬಸುರಿ ಹೆಂಗಸು ಹಿಂದೆ ಬಿದ್ದರೆ ತನ್ನ ಸಾಲು ಬಿಟ್ಟು ಅವಳ ಸಾಲಿಗೆ ಕೈ ಹಾಕುವಾಕೆ. ಫೋನು ಬಂದ ಮೇಲೆ ಬಾಯಿಯೇ ಬೇರೆಯಾಯಿತು. “ಏ, ಯಾರದು ಮ್ಯಾಲೆದ್ದು ನಿಂತಾಕಿ? ಬಗ್ರಿ! ಸಾವ್ಕಾರ್ರು ಬಂದ್ರ ಅವ್ರ ಮುಂದ ಬೈಸ್ಕೊಳ್ಳಾಕಿ ನಾನು!” ಅಂತ ಒದರುವುದು ಕಲಿತಳು. ಹೀಗೆ ಒದರು ಅಂತ ಯಾರೂ ಹೇಳಿಕೊಡಲಿಲ್ಲ. ಆ ಸೀಟಿನಲ್ಲಿ ಕೂತಳು, ಬಂತು.

ಇನ್ನು ನೀರಿನ ಮಾತು. ಮನೆಯಿಂದ ತಂದ ಬಾಟಲಿ ಹತ್ತು ಗಂಟೆಗೇ ಖಾಲಿ. ಆಮೇಲೆ ಸಾವುಕಾರರ ನೀರು. ಇಪ್ಪತ್ತು ಲೀಟರಿನ ಫಿಲ್ಟರ್ ನೀರಿನ ಕ್ಯಾನು, ಕೆಳಗೆ ಬಿಳಿ ನಲ್ಲಿ, ಮೇಲೆ ತೋಯಿಸಿದ ಗೋಣಿತಟ್ಟು. ಆ ಕ್ಯಾನಿನದನ್ನು ಸಾವುಕಾರರೂ ಕುಡಿಯುತ್ತಾರೆ. ಆದ್ದರಿಂದ ಕೇರಿಯವರು ನಲ್ಲಿ ಮುಟ್ಟುವ ಹಾಗಿಲ್ಲ. ಸಾವುಕಾರರ ಸಂಬಳದ ಆಳು ಅಂದಾನೆಪ್ಪ ಬಂದು, ತಂಬಿಗೆ ತುಂಬಿ ಮೇಲಿಂದ ಸುರಿಯುತ್ತಾನೆ. ಇವರು ಬಗ್ಗಿ ಬೊಗಸೆ ಒಡ್ಡಬೇಕು. ಅರ್ಧ ನೀರು ಬಾಯಿಗೆ, ಅರ್ಧ ಮೊಣಕೈಯಿಂದ ಇಳಿದು ಸೀರೆಗೆ. ಇದನ್ನು ಯಾರೂ ಬೋರ್ಡು ಬರೆದು ಹಾಕಿಲ್ಲ. ಬಾಯಿಬಿಟ್ಟು ಹೇಳಿದವರೂ ಇಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಹಸನಬಿ ಕೇರಿಯಾಕೆಯಲ್ಲ. ಆಕೆ ನಲ್ಲಿ ಮುಟ್ಟಿದರೆ ಏನಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಆಕೆ ಯಾವತ್ತೂ ಮುಟ್ಟಿ ನೋಡಿಲ್ಲ. ಹನ್ನೆರಡು ವರ್ಷ ಇವರ ಸಾಲಿನಲ್ಲಿ ನಿಂತು ಇವರ ಹಾಗೇ ಬೊಗಸೆ ಒಡ್ಡಿದ್ದಳು.

ಅಂದಾನೆಪ್ಪನಾದರೂ ಎಂಥ ದೊಡ್ಡ ಮನುಷ್ಯ? ಅವನ ಮನೆಯ ತಗಡಿಗೂ ತೂತು. ಬಸ್ ಸ್ಟ್ಯಾಂಡಿನ ಚಾದಂಗಡಿ ಮುಂದೆ ಸಿಕ್ಕರೆ “ಏನ್ ದ್ಯಾಮಕ್ಕಾ, ಆರಾಮೇನು?” ಅಂತ ನಗುತ್ತ ಕೇಳುತ್ತಾನೆ. ತಂಬಿಗೆ ಕೈಗೆ ಬಂತೋ, ದನಿ ಬೇರೆ. “ದೂರ ನಿಂದರ್ರಿ, ದೂರ! ಸಿಡಿತೈತಿ!” ಅಂತ ಗದರುತ್ತಾನೆ. ತಂಬಿಗೆ ಕೆಳಗಿಟ್ಟ ಮೇಲೆ ಮತ್ತೆ ಅಕ್ಕಾ ಅನ್ನುತ್ತಾನೆ.

ಕುಬೇರಪ್ಪ ಸಾವುಕಾರರು ಕೆಟ್ಟವರೇನು? ಅಲ್ಲ ನೋಡ್ರಿ. ಅಲ್ಲೇ ಇದೆ ಗೋಳು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಹಣೆ ತುಂಬ ವಿಭೂತಿ, ಬಾಯಿ ತುಂಬ “ಯವ್ವಾ”. ಕೂಲಿಯ ಹೆಂಗಸರಿಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಅವರ ಹೆಂಡತಿ ಶಿವಗಂಗವ್ವ ಕೇರಿಯ ಬಾಣಂತಿಯರಿಗೆ ತುಪ್ಪ ಕಳಿಸುವಾಕೆ. ಹೋದ ವರ್ಷ ದ್ಯಾಮವ್ವ ಯಮನೂರು ದರ್ಗಾಕ್ಕೆ ಹೋದಾಗ ಗಂಡಹೆಂಡತಿ ಇಬ್ಬರೂ ಅಲ್ಲಿ ಸಿಕ್ಕಿದ್ದರು. ದ್ಯಾಮವ್ವ ದೇವರ ಮುಂದೆ ಓದಿಸಿ ತಂದ ಸಕ್ಕರೆಯನ್ನು ಕುಬೇರಪ್ಪ ಆಕೆಯ ಅಂಗೈಯಿಂದಲೇ ತೆಗೆದು ಬಾಯಿಗೆ ಹಾಕಿಕೊಂಡರು. ಸಾವಿರ ಮಂದಿ ಕಾಲಿಟ್ಟ ಹಳ್ಳದ ನೀರನ್ನು ತೀರ್ಥ ಅಂತ ಅವಳ ಬಾಜು ನಿಂತೇ ಕುಡಿದರು. ಮಾರನೇ ದಿನ ಹೊಲದಲ್ಲಿ ಮತ್ತೆ ತಂಬಿಗೆ, ಮತ್ತೆ ಬೊಗಸೆ. ಇವರಿಗೂ ಏನೂ ಅನ್ನಿಸಲಿಲ್ಲ, ಅವರಿಗೂ ಏನೂ ಅನ್ನಿಸಲಿಲ್ಲ. ಅಲ್ಲಿಯ ಮನುಷ್ಯ ಅಲ್ಲಿಗೆ, ಇಲ್ಲಿಯ ಮನುಷ್ಯ ಇಲ್ಲಿಗೆ.

ಫಕ್ಕೀರವ್ವ ಈ ಊರಿಗೆ ಹೊಸಬಳು. ಕಲಘಟಗಿ ಕಡೆಯ ದೇವಿಕೊಪ್ಪದಿಂದ ತಿರಕಪ್ಪನನ್ನು ಮದುವೆಯಾಗಿ ಬಂದು ಎರಡು ವರ್ಷ. ಇಪ್ಪತ್ತನಾಲ್ಕರ ಹುಡುಗಿ. ತವರಿನಲ್ಲಿ ಕಾಡಿನ ಅಂಚಿಗೆ ಮನೆ, ಕೆರೆಗೆ ಇಳಿದು ಕುಡಿದು ರೂಢಿ. ಇಲ್ಲಿ ಕೂಲಿಗೆ ಬಂದ ಮೊದಲನೇ ದಿನವೇ ನೆಟ್ಟಗೆ ಕ್ಯಾನಿನ ಹತ್ತಿರ ಹೋಗಿ ಕೂತಿದ್ದಳು. ದ್ಯಾಮವ್ವ ಓಡಿಹೋಗಿ ರಟ್ಟೆ ಹಿಡಿದು ಎಬ್ಬಿಸಿದ್ದಳು.

“ಯಾಕ ಚಿಗವ್ವಾ? ನೀರ ಕುಡ್ಯಾಂಗಿಲ್ಲೇನ ನಾವು?”

“ಅವರು ಕೊಟ್ಟಾಗ ಕುಡೀಬೇಕವ್ವಾ. ನೀನ ತಗೊಂಡು ಕುಡ್ಯಾಂಗಿಲ್ಲ.”

“ಕೊಡೂದು ಮರತ್ರ?”

ದ್ಯಾಮವ್ವ ಆಗ ನಕ್ಕಿದ್ದಳು. “ಮರತ್ರ ನೆನಪ ಮಾಡೂಣು, ಬಾ” ಅಂದಿದ್ದಳು.

ಮತ್ತೆ ಆ ದಿನ. ಹನ್ನೊಂದೂವರೆಗೆ ಅಂದಾನೆಪ್ಪನಿಗೆ ಸಾವುಕಾರರ ಫೋನು ಬಂತು. ಮೋಟರ್ ಸೈಕಲ್ ಹತ್ತಿ ಹೊರಟ. ಹೋಗುವಾಗ “ಈಗ ಬಂದೆ, ಬಂದು ನೀರು ಹಾಕ್ತೇನಿ” ಅಂದ. ಇದರಲ್ಲಿ ಅವನ ತಪ್ಪೇನಿಲ್ಲ. ಈಗ ಬರುತ್ತೇನೆ ಅಂದವನು ಒಂದು ತಾಸು ಬರಲಿಲ್ಲ.

ಹನ್ನೆರಡಾಯಿತು. ನೆಲದ ಬಿರುಕಿನಿಂದ ಝಳ ಮೇಲೆ ಬರುತ್ತಿತ್ತು. ಚಿಮಟಾ ಒತ್ತುವ ಸಪ್ಪಳ, ಬೇರು ಹರಿಯುವ ಸಪ್ಪಳ, ಅಷ್ಟೇ. ಫಕ್ಕೀರವ್ವ ನಾಲ್ಕು ಗಿಡ ಹಿಂದೆ ಬಿದ್ದಳು. ಆಮೇಲೆ ಹತ್ತು ಗಿಡ.

“ಚಿಗವ್ವಾ, ನೀರ.”

“ತಡಿ ಬೇ, ಅಂದಾನೆಪ್ಪ ಬರ್ತಾನ.”

“ನಾಲಿಗಿ ಒಣಗೇತಿ.”

“ಎಲ್ಲಾರದೂ ಒಣಗೇತಿ. ಸಾಲ ಮುಗಸು. ನಾಳಿ ಟ್ರ್ಯಾಕ್ಟರ್ ನಿಂತ್ರ ನನ್ನ ಮಾರಿಗೆ ಉಗಳ್ತಾರ.”

ಸ್ವಲ್ಪ ಹೊತ್ತಿಗೆ ಫಕ್ಕೀರವ್ವ ಚಿಮಟಾ ಕೆಳಗೆ ಬಿಟ್ಟಳು. ಯಾರನ್ನೂ ಕೇಳಲಿಲ್ಲ. ಬೇವಿನ ಗಿಡದ ಕಡೆ ನಡೆದಳು. ಎಲ್ಲರೂ ಬಗ್ಗಿದಲ್ಲಿಂದಲೇ ನೋಡಿದರು. ಆಕೆ ಕ್ಯಾನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಬಲಗೈ ಚಾಚಿದಳು. ನಲ್ಲಿಗೂ ಬೆರಳಿಗೂ ನಡುವೆ ಒಂದು ಗೇಣು ಇತ್ತು.

“ಏ! ಮುಟ್ಟಿಗಿಟ್ಟಿ!”

ಅದು ದ್ಯಾಮವ್ವನ ದನಿ. ಯಾವಾಗ ಬಾಯಿ ತೆರೆಯಿತೋ ಆಕೆಗೇ ತಿಳಿಯಲಿಲ್ಲ. ಫಕ್ಕೀರವ್ವನ ಕೈ ಅಲ್ಲೇ ನಿಂತಿತು. ಆಕೆ ತಿರುಗಿ ನೋಡಿದಳು. ಸಿಟ್ಟಿನಿಂದ ಅಲ್ಲ, ಬರೀ ನೋಡಿದಳು. ಕೈ ಹಿಂದೆ ತೆಗೆದುಕೊಂಡು, ಎದ್ದು, ತನ್ನ ಸಾಲಿಗೆ ಬರಲು ಹೊರಟಳು. ಎಂಟು ಹೆಜ್ಜೆ ನಡೆದು ಬಿದ್ದಳು.

ಎಲ್ಲರೂ ಓಡಿದರು. ತಲೆ ತೊಡೆಯ ಮೇಲಿಟ್ಟುಕೊಂಡರು. ಸೆರಗಿನಿಂದ ಗಾಳಿ ಹಾಕಿದರು. ಮೈ ಒಲೆಯ ಮೇಲಿನ ಹಂಚು ಮುಟ್ಟಿದ ಹಾಗೆ ಸುಡುತ್ತಿತ್ತು. ಕಣ್ಣು ಮೇಲಕ್ಕೆ ಹೋಗಿದ್ದವು. “ನೀರ, ನೀರ” ಅಂದರು. ಕ್ಯಾನು ನೋಡಿದರು. ಮತ್ತೆ ದ್ಯಾಮವ್ವನ ಮುಖ ನೋಡಿದರು. ಒಬ್ಬೊಬ್ಬಳೂ ಇನ್ನೊಬ್ಬಳು ಏಳುತ್ತಾಳೆ ಅಂದುಕೊಂಡಳು. ದ್ಯಾಮವ್ವ ಎದ್ದಳು. ಎದ್ದು, ಅಯ್ಯೋ ಆ ಕಾಲಿಗೆ ಹಾವು ಕಚ್ಚಬಾರದಿತ್ತೇ, ಎದ್ದು ಕಾಲುವೆ ರಸ್ತೆಗೆ ಓಡಿದಳು.

ಕಿತ್ತ ಕಟ್ಟಿಗೆಯ ತುಂಡು ಕಾಲಿಗೆ ಚುಚ್ಚಿತು. ಚಪ್ಪಲಿ ಎಲ್ಲೋ ಬಿತ್ತು. ಕಾಲುವೆಯ ದಂಡೆಯಲ್ಲಿ ಅಂದಾನೆಪ್ಪ ಪಂಕ್ಚರ್ ಆದ ಗಾಡಿ ಬಾಜು ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. “ನೀರ ಹಾಕ ಬಾರೋ ಯಪ್ಪಾ! ಹುಡುಗಿ ಸಾಯಾಕತ್ತೇತಿ! ನೀರ ಹಾಕ ಬಾ!” ಅಂತ ಅವನ ಕಾಲು ಹಿಡಿದಳು. ಅವನೂ ಓಡಿದ. ಅವನ ಪಾಲಿನ ನ್ಯಾಯ ಅವನಿಗೆ ಸಲ್ಲಬೇಕು, ಎದ್ದೆನೋ ಬಿದ್ದೆನೋ ಅಂತ ಓಡಿದ. ಬಂದವನೇ ನಲ್ಲಿ ತಿರುವಿ ತಂಬಿಗೆ ತುಂಬಿದ.

ತುಂಬಿ, ನಿಂತುಕೊಂಡು, ಮೇಲಿಂದ ಸುರಿದ. ಸಾಯುವವಳ ಬಾಯಿಗೂ ಮೇಲಿಂದ. ಬೇಕಂತ ಮಾಡಿದ್ದಲ್ಲ, ಅವನ ಕೈಗೆ ಬೇರೆ ರೀತಿ ಗೊತ್ತೇ ಇರಲಿಲ್ಲ. ನೀರು ಹಣೆಯ ಮೇಲೆ ಬಿತ್ತು, ಮೂಗಿನ ಮೇಲೆ ಬಿತ್ತು. ಬಾಯೊಳಗೆ ಹೋದದ್ದು ಬಾಯಿಯ ಮೂಲೆಯಿಂದ ಹೊರಗೆ ಬಂದು ಎರೆಯೊಳಗೆ ಇಂಗಿತು. ಗುಲಾಮಹುಸೇನ ಟಂಟಂ ತಂದು ತಾಲೂಕಿನ ದವಾಖಾನೆಗೆ ಒಯ್ಯುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಬಿಸಿಲಿನ ಹೊಡೆತ ಅಂತ ಬರೆದರು.

ಗಂಡ ತಿರಕಪ್ಪ ಬರೆದದ್ದನ್ನು ಒಪ್ಪಲಿಲ್ಲ. ನೀರು ಕೊಡದೆ ಕೊಂದರು ಅಂತ ಅರ್ಜಿ ಕೊಟ್ಟ. ಪೊಲೀಸರು ಬಂದರು, ಕ್ಯಾನು ನೋಡಿದರು. ಕ್ಯಾನಿನ ತುಂಬ ನೀರು. ನೀರಿತ್ತಲ್ಲಪ್ಪಾ ಅಂದರು. ಹೋದರು. ತಿರಕಪ್ಪ ಮತ್ತೆ ಮೇಲಿನವರಿಗೆ ಅರ್ಜಿ ಕೊಟ್ಟ. ಯಾರು ತಡೆದರು ಅಂತ ಅವನಿಗೆ ಗೊತ್ತಿರಲಿಲ್ಲ. ಒಂಬತ್ತು ಮಂದಿಗೆ ಗೊತ್ತಿತ್ತು. ಯಾರೂ ಅವನಿಗೆ ಹೇಳಲಿಲ್ಲ. ದ್ಯಾಮವ್ವನೂ ಹೇಳಲಿಲ್ಲ. ದಿನಾ ಮುಂಜಾನೆ ಹೋಗಿ ಅವನ ಒಲೆ ಹಚ್ಚಿ ನಾಲ್ಕು ರೊಟ್ಟಿ ಬಡಿದಿಟ್ಟು ಬರುತ್ತಿದ್ದಳು. ಅವನು “ನೀ ಇಲ್ಲದಿದ್ರ ನಾ ಉಪವಾಸ ಚಿಗವ್ವಾ” ಅಂದಾಗ ಹಿಟ್ಟಿನ ಮೇಲೆ ಕಣ್ಣೀರು ಬೀಳುತ್ತಿತ್ತು.

ದೆವ್ವ ಕತ್ತಲಲ್ಲಿ ಬರುತ್ತದೆ ಅಂತಾರೆ. ಇದು ಹಾಡಾಹಗಲು ಬಂತು. ದ್ಯಾಮವ್ವ ಯಾವ ಹೊಲಕ್ಕೆ ಹೋದರೂ ಹನ್ನೆರಡರ ಬಿಸಿಲಿಗೆ ಯಾವುದಾದರೊಂದು ಗಿಡದ ಬುಡದಲ್ಲಿ ಫಕ್ಕೀರವ್ವ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದಳು. ಬೆನ್ನು ಇತ್ತ ಕಡೆ. ಬಲಗೈ ಚಾಚಿದ್ದು ಹಾಗೇ. ಕೈ ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ದ್ಯಾಮವ್ವ ಕಣ್ಣು ಮುಚ್ಚಿ ತೆಗೆದರೆ ಇರುವುದಿಲ್ಲ. ಬಗ್ಗಿದರೆ ಮತ್ತೆ ಇರುತ್ತಾಳೆ. ತನ್ನ ದನಿಯೂ ಬೆನ್ನು ಬಿಡಲಿಲ್ಲ. ಬಾಗಿಲು ಕಿರ್ ಅಂದರೆ ಮುಟ್ಟಿಗಿಟ್ಟಿ ಅಂದ ಹಾಗೆ ಕೇಳುತ್ತಿತ್ತು. ಯಾರೋ ಯಾರನ್ನೋ ಕರೆದರೆ ಬೆಚ್ಚಿ ಬೀಳುತ್ತಿದ್ದಳು. ಒದರಿದರೆ ಯಾರಾದರೂ ಸಾಯುತ್ತಾರೆ ಅಂತ ಸಾಲಿನಲ್ಲಿ ಒದರುವುದೇ ಬಿಟ್ಟಳು. ಆಮೇಲೆ ಕೂಲಿಗೆ ಹೋಗುವುದೇ ಬಿಟ್ಟಳು. ಹಸನಬಿ ಮನೆಗೆ ಬಂದು “ಏಳ ಯಕ್ಕಾ, ಹಿಂಗ ಕುಂತ್ರ ನೀನೂ ಹೋಗ್ತಿ” ಅಂದಳು. ದ್ಯಾಮವ್ವ ಒಂದೇ ಮಾತು ಕೇಳಿದಳು.

“ಹಸನಾ, ನಾ ಯಾಕ ಆ ಕಡೆ ಓಡಿದ್ನೆ?”

ಹಸನಬಿ ಹೊಸ್ತಿಲಲ್ಲೇ ಕುಸಿದು ಕೂತಳು. ಆಕೆಗೂ ತನ್ನ ಕಾಲು ಯಾಕೆ ಏಳಲಿಲ್ಲ ಅಂತ ತಿಳಿಯದೆ ನಿದ್ದೆ ಕೆಟ್ಟಿತ್ತು.

ಜೂನ್ ತಿಂಗಳಲ್ಲಿ ತಿರಕಪ್ಪನ ಅರ್ಜಿಯ ವಿಚಾರಣೆಗೆ ಮೇಲಿನ ಸಾಹೇಬರು ಬರುತ್ತಾರೆ ಅಂತ ಸುದ್ದಿ ಬಂತು. ವಿಚಾರಣೆಗೆ ಮೂರು ದಿನ ಮೊದಲು ಕುಬೇರಪ್ಪ ಕೇರಿಗೆ ಬಂದರು. ಅವರ ಜನ್ಮದಲ್ಲಿ ಅದೇ ಮೊದಲು. ದ್ಯಾಮವ್ವನ ಬಾಗಿಲ ಮುಂದಿನ ಗಟಾರದ ಆಚೆ ನಿಂತರು, ದಾಟಲಿಲ್ಲ.

“ದ್ಯಾಮವ್ವಾ, ನಾ ಸುಳ್ಳ ಹೇಳಂತ ಹೇಳಾಕ ಬಂದಿಲ್ಲವಾ. ಇದ್ದದ್ದ ಹೇಳು. ನೀರಿತ್ತು. ಇತ್ತೋ ಇಲ್ಲೋ?”

“ಇತ್ರಿ.”

“ನಾ ಮುಟ್ಟಬ್ಯಾಡ್ರಿ ಅಂದಿದ್ನೇನು ಯಾವತ್ತರೆ?”

“ಇಲ್ರಿ.”

“ಮತ್ತ? ಅಷ್ಟ ಹೇಳು. ಹಂಗ ನೋಡಿದ್ರ ತಡದಾಕಿ ನೀನು. ಅಂದಾನೆಪ್ಪಗ ಯಾರೋ ಅಂದಾರ, ನನ್ನ ಕಿವಿಗೂ ಬಿದ್ದೈತಿ. ನಾ ಆ ಮಾತು ಎತ್ತೂದಿಲ್ಲ. ನೀ ನಮ್ಮಾಕಿ.” ಸಾವುಕಾರರು ಎರಡೂ ಕೈ ಜೋಡಿಸಿದರು. ನಿಜವಾಗಿಯೂ ಕಣ್ಣಲ್ಲಿ ನೀರಿತ್ತು. “ಆಕಿ ನೆನಪಾದ್ರ ನನಗೂ ಅನ್ನ ಇಳಿಯಂಗಿಲ್ಲವಾ” ಅಂದರು. ಸುಳ್ಳಲ್ಲ ಅದು. ಹೋದರು.

ದ್ಯಾಮವ್ವ ಹೊಸ್ತಿಲ ಮೇಲೆ ಕೂತೇ ಇದ್ದಳು. ಸಾವುಕಾರರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನೀರಿತ್ತು. ಯಾರೂ ಕೈ ಕಟ್ಟಿ ಹಾಕಿರಲಿಲ್ಲ. ತಡೆದಾಕೆ ತಾನೇ. ಹಾಗಾದರೆ ಹುಡುಗಿಯನ್ನು ತಾನೇ ಕೊಂದೆನೇ? ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಾಯಿ ಬಿಟ್ಟರೆ ತಿರಕಪ್ಪ ಮುಖ ನೋಡುವುದಿಲ್ಲ, ಜೈಲು ಬೇರೆ. ಎರಡು ದಿನ ಅನ್ನ ಬಿಟ್ಟಳು. ಮುಚ್ಚಿಕೊಂಡಿರುವುದೇ ಚಲೋ ಅಂತ ಗಟ್ಟಿ ಮಾಡಿಕೊಂಡಳು.

ವಿಚಾರಣೆಯ ಹಿಂದಿನ ದಿನ ಆಕೆ ಮೊಮ್ಮಗಳನ್ನು ಕಟ್ಟಿಕೊಂಡು ಊರೊಳಗಿನ ಕಿರಾಣಿ ಅಂಗಡಿಗೆ ಹೋಗಿದ್ದಳು. ಐದು ವರ್ಷದ ಕೂಸು. ಅಂಗಡಿಯ ಕಟ್ಟೆಯ ಮೇಲೆ ಗಿರಾಕಿಗಳಿಗೆಂದು ನೀರಿನ ಮಣ್ಣಿನ ಹರವಿ ಇಟ್ಟಿದ್ದರು, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಗ್ಲಾಸು. ಕೂಸಿಗೆ ನೀರಡಿಕೆಯಾಗಿತ್ತು. ಗ್ಲಾಸಿಗೆ ಕೈ ಚಾಚಿತು.

“ಏ! ಮುಟ್ಟಿಗಿಟ್ಟಿ!”

ದ್ಯಾಮವ್ವನ ಬಾಯಿಂದಲೇ ಬಂತು. ಅದೇ ಮಾತು, ಅದೇ ದನಿ. ಕೂಸಿನ ಕೈ ಗಾಳಿಯಲ್ಲಿ ನಿಂತಿತು. ಗ್ಲಾಸಿಗೂ ಬೆರಳಿಗೂ ನಡುವೆ ಒಂದು ಗೇಣು. ಕೂಸು ತಿರುಗಿ ನೋಡಿತು, ಸಿಟ್ಟಿಲ್ಲದೆ. ಕೈ ಹಿಂದೆ ತೆಗೆದುಕೊಂಡು ಅಜ್ಜಿಯ ಸೀರೆ ಹಿಡಿದು ನಿಂತಿತು. ಮತ್ತೆ ನೀರು ಕೇಳಲಿಲ್ಲ. ಇನ್ನು ಈ ಜನ್ಮದಲ್ಲಿ ಅದು ಕೇಳುವುದಿಲ್ಲ ಅಂತ ದ್ಯಾಮವ್ವನಿಗೆ ತಿಳಿಯಿತು. ಕಲಿತುಬಿಟ್ಟಿತ್ತು. ಒಂದೇ ಮಾತಿಗೆ ಕಲಿತಿತ್ತು.

ತಾನು ಕೂಸಾಗಿದ್ದಾಗ ಯಾರದೋ ದನಿ ಹೀಗೇ ಒದರಿತ್ತು. ತನ್ನವ್ವನದೇ ಇರಬೇಕು. ಅವ್ವನಿಗೆ ಅವಳವ್ವ. ಸಾವುಕಾರರು ಯಾಕೆ ಬಾಯಿ ಬಿಡುತ್ತಾರೆ? ಅವರ ಕೆಲಸವನ್ನು ನಾವೇ ಮಾಡಿ ಮುಗಿಸಿದ್ದೇವಲ್ಲ, ನಮ್ಮ ಕೂಸುಗಳ ಮೇಲೆ. ಅವರ ಬಾಯಿ ಸ್ವಚ್ಛ. ಅವರ ಕೈ ಸ್ವಚ್ಛ. ಥೂ ಅಂತ ಅಲ್ಲೇ ರಸ್ತೆಗೆ ಉಗುಳಿದಳು. ಅಂಗಡಿಯವನು ಏನಾಯಿತು ದ್ಯಾಮವ್ವಾ ಅಂದ. ಆಕೆ ಕೂಸನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದಳು.

ಮರುದಿನ ಪಂಚಾಯ್ತಿ ಆಫೀಸಿನಲ್ಲಿ ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ಮೈಸೂರು ಕಡೆಯವರು, ಮಾತು ಮೆತ್ತಗೆ. ಕುಬೇರಪ್ಪ ಕುರ್ಚಿಯಲ್ಲಿ, ಅವರ ಹಿಂದೆ ಅಂದಾನೆಪ್ಪ. ಹತ್ತು ಮಂದಿ ಹೆಂಗಸರು ಗೋಡೆಗೆ ಒರಗಿ ನೆಲದ ಮೇಲೆ. ಬಾಗಿಲಲ್ಲಿ ತಿರಕಪ್ಪ, ಚೌಕಟ್ಟು ಹಿಡಿದುಕೊಂಡು.

ಒಬ್ಬೊಬ್ಬರನ್ನೇ ಕೇಳಿದರು. ನೀರಿತ್ತಾ? ಇತ್ರಿ. ಯಾರಾದರೂ ಕುಡಿಯಬೇಡಿ ಅಂದರಾ? ತಲೆ ಕೆಳಗೆ. “ಹಾಗಾದ್ರೆ ಯಾರೂ ತಡೀಲಿಲ್ಲ” ಅಂತ ಸಾಹೇಬರು ಬರೆದುಕೊಂಡರು. ತಲೆ ಕೆಳಗೆ ಹಾಕಿದರೆ ಹೌದು ಅಂತ ಅರ್ಥ ಅಂದುಕೊಂಡರು. ಹಸನಬಿಯ ಸರದಿ ಬಂತು.

“ನಿಮಗೆ ಯಾರಾದರೂ ಮುಟ್ಟಬಾರದು ಅಂದಿದ್ರೇನಮ್ಮ?”

“ನನಗ ಯಾರೂ ಏನೂ ಅಂದಿದ್ದಿಲ್ರಿ. ಎಲ್ಲಾರೂ ಬೊಗಸಿ ಹಿಡಿತಿದ್ರು, ನಾನೂ ಹಿಡದೆ. ಹಿಡದು ಹಿಡದು ಕೈ ಹಂಗ ಕುಂತಬಿಟ್ಟಾವ್ರಿ.” ಹಸನಬಿ ಎರಡು ಕೈ ಮುಂದೆ ಒಡ್ಡಿ ತೋರಿಸಿದಳು. ಸಾಹೇಬರಿಗೆ ಇದರಲ್ಲಿ ಬರೆಯುವಂಥದ್ದು ಏನೂ ಕಾಣಲಿಲ್ಲ.

ಕೊನೆಗೆ ದ್ಯಾಮವ್ವ. ಎದ್ದು ನಿಂತಳು.

“ನೀರಿತ್ತಾ?”

“ಇತ್ರಿ.”

“ಸಾವುಕಾರರು ಮುಟ್ಟಬೇಡಿ ಅಂದಿದ್ರಾ?”

“ಇಲ್ರಿ.”

“ಇವರ ಆಳು?”

“ಅವನೂ ಇಲ್ರಿ.”

ಕುಬೇರಪ್ಪ ಉಸಿರು ಬಿಟ್ಟರು. ಸಾಹೇಬರು ಪೆನ್ನು ಓಡಿಸುತ್ತ “ಯಾರೂ ತಡೆದಿರುವುದಿಲ್ಲ” ಅಂತ ಬಾಯಲ್ಲಿ ಅಂದುಕೊಂಡು ಬರೆದರು. ಹಾಳೆ ತಿರುಗಿಸಿ ಆಕೆಯ ಮುಂದೆ ತಳ್ಳಿದರು. ಮಸಿಯ ಡಬ್ಬಿ ತೆರೆದರು.

“ಹೆಬ್ಬೆಟ್ಟು ಹಾಕಮ್ಮ.”

“ಹಾಕೂದಿಲ್ರಿ.”

“ಯಾಕೆ?”

“ತಡದಾರ್ರಿ.”

“ಯಾರು?”

“ನಾನು.”

ತಿರಕಪ್ಪ ಚೌಕಟ್ಟು ಬಿಟ್ಟು ಒಳಗೆ ಬಂದ. “ಏನಂದಿ ಚಿಗವ್ವಾ?”

ದ್ಯಾಮವ್ವ ಅವನ ಕಡೆ ತಿರುಗಿದಳು. “ಆಕಿ ನಲ್ಲಿಗೆ ಕೈ ಚಾಚಿದ್ಲಪಾ. ಇಷ್ಟ ಉಳಿದಿತ್ತು. ಮುಟ್ಟಿಗಿಟ್ಟಿ ಅಂತ ಒದರಿದೆ. ಆಕಿ ಕೈ ಹಿಂದ ತಗೊಂಡ್ಲು. ಬಿದ್ಲು. ಆವಾಗರೆ ನಲ್ಲಿ ತಿರುವಲಿಲ್ಲ ನಾನು. ಅಂದಾನೆಪ್ಪನ್ನ ಕರ್ಯಾಕ ಓಡಿದೆ.”

ತಿರಕಪ್ಪ ಕೈ ಎತ್ತಿದ. ಹೊಡೆಯುತ್ತಾನೆ ಅಂದುಕೊಂಡರು. ಹೊಡೆಯಲಿಲ್ಲ.

“ಎರಡ ತಿಂಗಳ ನನ್ನ ಒಲಿ ಮುಂದ ಕುಂತು ರೊಟ್ಟಿ ಬಡದಿ. ಆವಾಗ ಹೇಳಾಕ ಬಾಯಿ ಇದ್ದಿಲ್ಲೇನ?”

“ಇದ್ದಿಲ್ಲಪಾ. ಹೆದರಿಕಿ ಇತ್ತು.”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. “ನೋಡಮ್ಮ, ನೀನು ಹೇಳಿದ ಹಾಗೆ ಬರೆದ್ರೆ ಕೇಸು ನಿನ್ನ ಮೇಲೇ ಬರುತ್ತೆ. ತಿಳ್ಕೊಂಡು ಮಾತಾಡು.”

“ಬರ್ಲಿ. ಬರಬೇಕ್ರಿ.”

“ಬ್ಯಾಡ್ರಿ ಸಾಹೇಬ್ರ!” ಕುಬೇರಪ್ಪ ಕುರ್ಚಿಯ ತುದಿಗೆ ಬಂದರು. “ಪಾಪ, ಹೆಣ್ಣ ಹೆಂಗಸು. ದುಃಖದಾಗ ಏನೋ ಅಂತಾಳ. ಆಕಿ ಮ್ಯಾಲೆ ಏನೂ ಬರೀಬ್ಯಾಡ್ರಿ. ನಮ್ಮಾಕಿ ಆಕಿ.”

“ನಾ ನಿಮ್ಮಾಕಿ ಅಲ್ರಿ ಸಾವ್ಕಾರ್ರ. ಪಾಪ ಅನ್ನಬ್ಯಾಡ್ರಿ ನನಗ.” ದ್ಯಾಮವ್ವ ಮೇಜಿನ ಹತ್ತಿರ ಬಂದು ಅದರ ಅಂಚು ಹಿಡಿದಳು. “ಸಾಹೇಬ್ರ, ನೀವು ಯಾರೂ ತಡದಿಲ್ಲ ಅಂತ ಬರದ್ರ ಮಾತು ಅಲ್ಲಿಗೇ ಮುಗೀತೈತಿ. ನೀರಿತ್ತು, ಕುಡೀಲಿಲ್ಲ, ಸತ್ಲು. ತಡದಾಕಿ ದ್ಯಾಮವ್ವ ಅಂತ ಬರೀರಿ. ನನ್ನ ಕೋರ್ಟಿಗೆ ಎಳೀರಿ. ಕಟಕಟಿಯಾಗ ನಿಂದರಸ್ರಿ. ಅಲ್ಲೆ ಕೇಳಬೇಕಲ್ರಿ ಯಾರರೆ, ನಿನ್ನ ಮಗಳಂಥ ಹುಡುಗಿ ಸಾಯಾಕತ್ತಿದ್ರೂ ಯಾಕ ತಡದಿ ಅಂತ? ಆ ಮಾತು ಕೇಳೂ ತನಕ ನಾ ಬಿಡೂದಿಲ್ಲ.”

“ಏ, ಸುಮ್ನ ಕುಂಡ್ರ ಬೇ! ಬಾಯಿ ಭಾಳ ಉದ್ದ ಆತು!”

ಕುಬೇರಪ್ಪ. ಇಷ್ಟು ವರ್ಷದಲ್ಲಿ ಒಬ್ಬ ಕೂಲಿ ಹೆಂಗಸಿಗೆ ಅವರು ಹಾಗೆ ಅಂದದ್ದು ಅದೇ ಮೊದಲು. ಅಂದು ತಾವೇ ಬೆಚ್ಚಿದರು. ಬಾಯಿಗೆ ಶಲ್ಯ ಒತ್ತಿಕೊಂಡರು. ಹಿಂದೆ ನಿಂತ ಅಂದಾನೆಪ್ಪ ನೆಲ ನೋಡುತ್ತಿದ್ದ, ಅವನ ಎರಡೂ ಕೈ ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿದ್ದವು.

ತಿರಕಪ್ಪ ಮೇಜಿನ ಇನ್ನೊಂದು ಬದಿಗೆ ಬಂದು ನಿಂತ. ದ್ಯಾಮವ್ವನ ಮುಖ ನೋಡಲಿಲ್ಲ. “ಬರೀರಿ ಸಾಹೇಬ್ರ. ಆಕಿ ತಡದಾಳ ಅಂತ ಬರೀರಿ. ಆಕಿನ್ನ ನಾ ಬಿಡೂದಿಲ್ಲ. ಆದ್ರ ಯಾಕ ಅಂತ ಮೊದಲ ಇಲ್ಲೇ ಕೇಳ್ರಿ.”

ಗೋಡೆಯ ಬದಿಯಿಂದ ಹಸನಬಿ ಎದ್ದು ನಿಂತಳು. “ನನ್ನನ್ನೂ ಕೇಳ್ರಿ” ಅಂದಳು. ಆಕೆಯ ಬಾಜು ಇನ್ನೊಬ್ಬಳು ಎದ್ದಳು. ಉಳಿದವರು ಏಳಲಿಲ್ಲ. ಅವರ ಮನೆಯಲ್ಲೂ ಮಕ್ಕಳಿದ್ದವು, ಮುಂಗಾರಿನ ಕೂಲಿ ಬೇಕಿತ್ತು.

ಸಾಹೇಬರು ಬರೆದ ಹಾಳೆ ನೋಡಿದರು. ಅದನ್ನು ಬದಿಗಿಟ್ಟರು. ಹೊಸ ಹಾಳೆ ತೆಗೆದು ಮೇಲೆ ದ್ಯಾಮವ್ವನ ಹೆಸರು, ಗಂಡನ ಹೆಸರು, ವಯಸ್ಸು, ಉದ್ಯೋಗ ಬರೆದರು. ಪೆನ್ನು ಹಿಡಿದು ತಲೆ ಎತ್ತಿದರು.

“ಯಾಕೆ ತಡೆದೆ?”

ಎರಡು ತಿಂಗಳಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ. ಪೊಲೀಸರು ಕೇಳಿರಲಿಲ್ಲ, ಡಾಕ್ಟರು ಕೇಳಿರಲಿಲ್ಲ. ಕುಬೇರಪ್ಪ ಕುರ್ಚಿ ಹಿಂದೆ ಸರಿಸಿ ಎದ್ದರು, ಶಲ್ಯ ಹೆಗಲಿಗೆ ಹಾಕಿಕೊಂಡರು.

ದ್ಯಾಮವ್ವ ಮೇಜಿನ ಅಂಚು ಬಿಡಲಿಲ್ಲ.

“ನಾ ಹುಟ್ಟಿದ ದಿನದಿಂದ ಸುರು ಮಾಡ್ತೇನ್ರಿ, ಬರಕೊಳ್ರಿ” ಅಂದಳು. ಆಮೇಲೆ ಸಾವುಕಾರರ ಕಡೆ ತಿರುಗಿದಳು. “ಕುಂಡ್ರ್ರಿ, ಸಾವ್ಕಾರ್ರ. ಇದಕ್ಕ ಭಾಳ ಹೊತ್ತು ಹಿಡಿತೈತಿ.”